ಬಚ್ಚಲಿಗೆ ಹಾಕಿಸಿದ ಜಾಲರಿ

ಮನೆಗೆ ಬಂದವರು ಜಗಲಿಯನ್ನು ಹೊಗಳುತ್ತಾರೆ, ದೇವರ ಕೋಣೆಯನ್ನು ಹೊಗಳುತ್ತಾರೆ, ಕಾಫಿಯನ್ನಂತೂ ಲೋಟ ಕೆಳಗಿಡುವ ಮೊದಲೇ ಹೊಗಳುತ್ತಾರೆ. ಬಚ್ಚಲಿಗೆ ಹೋಗಿ ಬಂದವರು ಮಾತ್ರ ಏನೂ ಹೇಳುವುದಿಲ್ಲ. ಟವೆಲಿನಲ್ಲಿ ಮುಖ ಒರೆಸುತ್ತಾ ಮಳೆಯ ವಿಷಯ ತೆಗೆಯುತ್ತಾರೆ. ನಮ್ಮ ಮನೆಯಲ್ಲಿ ಮಳೆಯ ಬಗ್ಗೆ ಬಹಳ ಚರ್ಚೆ ನಡೆಯುತ್ತಿತ್ತು. ವಯನಾಡಲ್ಲವೇ, ಮಳೆ ಹೆಚ್ಚು, ಅದಕ್ಕೇ ಇರಬೇಕು ಎಂದುಕೊಂಡಿದ್ದೆ.

ನಮ್ಮ ಬಚ್ಚಲಿನ ಟೈಲ್ಸ್ ಮೂಲದಲ್ಲಿ ಯಾವ ಬಣ್ಣದ್ದು ಎಂಬ ಬಗ್ಗೆ ಮನೆಯಲ್ಲಿ ಎರಡು ಪಂಥಗಳಿದ್ದವು. ಬಿಳಿ ಎಂದು ನನ್ನ ವಾದ, ತಿಳಿಹಸಿರು ಎಂದು ಹೆಂಡತಿ ಸುನಂದೆಯದು. ಅನೇಕಾಂತವಾದವನ್ನು ಒಪ್ಪುವ ಜೈನರ ಮನೆಯಾದ್ದರಿಂದ ಎರಡೂ ಸರಿ ಎಂದು ಬಿಟ್ಟಿದ್ದೆವು. ಕನ್ನಡಿಯ ಅರ್ಧ ಕಪ್ಪಾಗಿ ನನ್ನ ಎಡಗೆನ್ನೆ ಮಾತ್ರ ಕಾಣುತ್ತಿತ್ತು; ಬಲಗೆನ್ನೆಯನ್ನು ನಂಬಿಕೆಯ ಮೇಲೆ ಬೋಳಿಸುತ್ತಿದ್ದೆ. ನೀರಿನೊಳಗಿನ ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದೆಂದು ಅಮ್ಮ ನಲ್ಲಿಯ ಬಾಯಿಗೆ ಸೋಸುವ ಬಟ್ಟೆ ಕಟ್ಟಿದ್ದಳು. ಕಣ್ಣಿಗೆ ಕಾಣುವ ಜೀವ ಒಂದಿತ್ತು, ಬೆನ್ನ ಮೇಲೆ ಹಳದಿ ಗೆರೆಯಿದ್ದ ಒಂದು ಕಪ್ಪೆ. ನೀರು ಹೋಗುವ ತೂಬಿನಿಂದ ಒಳಗೆ ಬಂದು ಬಕೆಟ್ಟಿನ ಹಿಂದೆ ಕೂರುತ್ತಿತ್ತು. ನಾವು ಸ್ನಾನ ಮಾಡುವಾಗ ಮುಖ ಆ ಕಡೆ ತಿರುಗಿಸುವಷ್ಟು ಸಭ್ಯತೆ ಅದಕ್ಕಿತ್ತು.

ಹೀಗೇ ಇನ್ನೊಂದಿಷ್ಟು ವರ್ಷ ನಡೆಯುತ್ತಿತ್ತೇನೋ. ಆದರೆ ಹೋದ ವರ್ಷ ದೊಡ್ಡಮ್ಮ ಜಾರಿಬಿಟ್ಟಳು. ಅಮ್ಮನ ಅಕ್ಕ, ಗುಂಡ್ಲುಪೇಟೆಯವಳು. ಪ್ರತಿವರ್ಷ ಮಳೆಗೆ ಮುಂಚೆ ಬಸ್ಸು ಹತ್ತಿ, ಮುತ್ತಂಗದ ಕಾಡು ದಾಟಿ ಬಂದು, ತಂಗಿಯ ಜೊತೆ ಒಂದಷ್ಟು ದಿನ ಇದ್ದು ಹೋಗುವುದು ಪದ್ಧತಿ. ಅವತ್ತು ಬಚ್ಚಲಿನಲ್ಲಿ ಧಡ್ ಎಂದು ಸದ್ದಾಯಿತು. ನಾವು ಓಡಿ ಹೋಗುವಷ್ಟರಲ್ಲಿ ಗೋಡೆ ಹಿಡಿದು ಎದ್ದು ನಿಂತಿದ್ದಳು. ಪೆಟ್ಟೇನೂ ಆಗಿರಲಿಲ್ಲ, ಮುಖ ಮಾತ್ರ ಬಿಳುಚಿಕೊಂಡಿತ್ತು. "ಇನ್ನು ನಾನು ಈ ಬಚ್ಚಲಿಗೆ ಕಾಲಿಡೋಳಲ್ಲ ಕಣೇ" ಎಂದವಳೇ ಚೀಲ ತೆಗೆದುಕೊಂಡು ಮುಂದಿನ ಬಸ್ಸಿಗೆ ಹೊರಟುಹೋದಳು.

ಆಮೇಲೆ ಫೋನಿನಲ್ಲೂ ಮಾತು ಕಡಿಮೆಯಾಯಿತು. ಅಮ್ಮ ಫೋನ್ ಇಟ್ಟು, "ಮಳೆ ಬಗ್ಗೆ ಮಾತಾಡಿದಳು" ಎನ್ನುವಾಗ ಅವಳ ದನಿ ಕೇಳಿ ಸಂಕಟವಾಗುತ್ತಿತ್ತು. ನನಗೆ ನಿಜವಾಗಿ ನಾಚಿಕೆಯಾಯಿತು. ಇಬ್ಬರು ಮುದುಕಿಯರ ನಡುವೆ ನನ್ನ ಬಚ್ಚಲಿನ ಪಾಚಿ ಬೆಳೆದು ನಿಂತಿತ್ತು.

ಸರಿ, ರಿಪೇರಿ ಎಂದಾಯಿತು. ಈ ಸಲ ಮೆಣಸಿನ ಬಳ್ಳಿ ಕೈಕೊಟ್ಟಿದ್ದರಿಂದ ಸುನಂದೆ ಮೊದಲೇ ಕಾನೂನು ಮಾಡಿದಳು: ಉಜ್ಜಿದರೆ ಹೋಗುವುದನ್ನು ಒಡೆಯಬಾರದು. ಗಾರೆ ಕೆಲಸದ ಜೋಸೇಟ ಬಂದು ಒಂದು ಸುತ್ತು ನೋಡಿ, "ಗೌಡ್ರೇ, ಎಲ್ಲಾಂ ಪೊಳಿಚ್ಚು ಕಳಯಾಂ" ಎಂದ. ಎಲ್ಲ ಒಡೆದು ಬಿಸಾಡೋಣ ಎಂದರ್ಥ. ಒಡೆಯದೆ ಏನು ಮಾಡಬಹುದು ಎಂದಾಗ ಅವನ ಉತ್ಸಾಹ ಅರ್ಧ ಇಳಿಯಿತು. ಸುನಂದೆ ಹುಣಸೆಹಣ್ಣು ಹಿಡಿದು ಉಜ್ಜತೊಡಗಿದಳು, ನಾನು ತೆಂಗಿನ ನಾರು ಹಿಡಿದು ಉಜ್ಜಿದೆ. ಕೊನೆಗೆ ಟೈಲ್ಸ್ ತಿಳಿನೀಲಿ ಎಂದು ಗೊತ್ತಾಯಿತು. ಅನೇಕಾಂತವಾದಕ್ಕೆ ಜಯವಾಗಲಿ.

ಸಂದುಗಳಿಗೆ ಬಿಳಿ ಸಿಮೆಂಟ್ ತುಂಬುವುದೊಂದು ಬಾಕಿ. ಜೋಸೇಟ ಸಿಮೆಂಟ್ ಕಲಸಿಕೊಂಡು ಕೂತ. ಅಷ್ಟರಲ್ಲಿ ಅಮ್ಮ ಒಂದು ಸಂದಿನಲ್ಲಿ ಇರುವೆ ಕಂಡಳು. ಕೂಡಲೇ ಬಾಗಿಲಾಚೆ ಬೆಲ್ಲದ ಚೂರಿಟ್ಟು ಕುಕ್ಕರುಗಾಲಿನಲ್ಲಿ ಕಾಯತೊಡಗಿದಳು.

"ಅಮ್ಮಚ್ಚೀ, ಈ ಉರುಂಬು ಯಾವಾಗ ಹೋಗುತ್ತೆ?" ಎಂದ ಜೋಸೇಟ.

"ಪಾವಂ, ಪಾಪ, ಮನೆ ಖಾಲಿ ಮಾಡೋಕೆ ಅವಕ್ಕೂ ಸಮಯ ಬೇಡವಾ?" ಎಂದಳು ಅಮ್ಮ.

ಇರುವೆಗಳು ಮೊಟ್ಟೆ, ಮರಿ, ಸಮಸ್ತ ಸಂಸಾರ ಹೊತ್ತುಕೊಂಡು ಬೆಲ್ಲದತ್ತ ಹೊರಟವು. ಅಷ್ಟು ಹೊತ್ತಿಗೆ ಸಿಮೆಂಟ್ ಬಟ್ಟಲಿನಲ್ಲೇ ಕಲ್ಲಾಗಿತ್ತು. ಮರುದಿನ ಮತ್ತೆ ಕಲಸಿದ್ದಾಯಿತು. ಕಪ್ಪೆಯನ್ನು ಬಕೆಟ್ಟಿನಲ್ಲಿ ಕೂರಿಸಿ ತೋಟದ ಕೆರೆಯ ದಂಡೆಗೆ ನಾನೇ ಬಿಟ್ಟುಬಂದೆ. ಅದು ತಿರುಗಿ ಬರಬಾರದೆಂದು ಮೀನಂಗಡಿ ಎಂಬ ಹತ್ತಿರದ ಪೇಟೆಯಿಂದ ಹೊಳೆಯುವ ಸ್ಟೀಲಿನ ಜಾಲರಿ ತಂದು ತೂಬಿಗೆ ಕೂರಿಸಿದೆವು. ಇಡೀ ರಿಪೇರಿಯಲ್ಲಿ ನಾವು ಕೈಬಿಚ್ಚಿ ಕೊಂಡ ವಸ್ತು ಅದೊಂದೇ. ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದೆ.

ಅಮ್ಮ ಫೋನ್ ಮಾಡಿದಳು. "ಅಕ್ಕಾ, ಬಚ್ಚಲು ಹೊಸದು ಮಾಡ್ಸಿದೀವಿ. ಬಾ."

ದೊಡ್ಡಮ್ಮ ಬಂದಳು. ಕಾಲು ತೊಳೆಯಲು ಬಚ್ಚಲಿಗೆ ಹೋದವಳು ಬಹಳ ಹೊತ್ತು ಹೊರಗೇ ಬರಲಿಲ್ಲ. ನಾವು ಮೂವರೂ ಹೊರಗೆ ಪರೀಕ್ಷೆ ಬರೆದವರಂತೆ ನಿಂತಿದ್ದೆವು. ಬಂದಳು. ಟೈಲ್ಸ್ ಬಗ್ಗೆ ಮಾತಿಲ್ಲ, ಜಾಲರಿಯ ಬಗ್ಗೆ ಮಾತಿಲ್ಲ. ಅಮ್ಮ ಕೊಟ್ಟ ಕಾಫಿಯನ್ನು ಹಿಂದಕ್ಕೆ ಸರಿಸಿದಳು.

"ಕಾಫಿ ಬಿಟ್ಟಿದೀನಿ ಕಣೇ. ಹೋದ ವರ್ಷದಿಂದ."

"ಯಾಕಕ್ಕಾ?"

"ಪ್ರಾಯಶ್ಚಿತ್ತ. ಅವತ್ತು ನಿನ್ನ ಬಚ್ಚಲಲ್ಲಿ ಕಪ್ಪೆ ತುಳಿದುಬಿಟ್ಟೆ. ಮೆತ್ತಗೆ ಕಾಲಡಿಗೆ ಸಿಕ್ಕಿತು, ಜಾರಿದೆ. ತಿರುಗಿ ನೋಡೋಕೆ ಧೈರ್ಯ ಬರಲಿಲ್ಲ. ತಂಗಿ ಮನೆಗೆ ಬಂದು ಒಂದು ಜೀವ ತೆಗೆದೆ ಅಂತ ಯಾವ ಬಾಯಲ್ಲಿ ಹೇಳಲಿ?" ದೊಡ್ಡಮ್ಮನ ಕಣ್ಣು ತುಂಬಿತ್ತು.

ಸುನಂದೆ ಕೈಯನ್ನು ಹಣೆಗೆ ಬಡಿದುಕೊಂಡಳು. "ಅಯ್ಯೋ ದೊಡ್ಡಮ್ಮಾ, ಅದು ನನ್ನ ಮೈ ಉಜ್ಜೋ ಹೀರೆಕಾಯಿ ನಾರು! ಅವತ್ತು ಚಪ್ಪಟೆಯಾಗಿ ಬಿದ್ದಿತ್ತು, ನಾನೇ ಎತ್ತಿ ಬಿಸಾಡಿದೆ. ಕಪ್ಪೆ ಮೊನ್ನೆವರೆಗೂ ಇಲ್ಲೇ ಇತ್ತಲ್ಲ!"

"ಈಗೆಲ್ಲಿ?"

ನಾವು ಮೂವರೂ ಜಾಲರಿಯ ಕಡೆ ನೋಡಿದೆವು.

"ನನ್ನ ಸಮಾಧಾನಕ್ಕೆ ಹೇಳ್ತಿದೀರಿ," ಎಂದಳು ದೊಡ್ಡಮ್ಮ. "ಪ್ರತಿವರ್ಷ ಬಂದಾಗ ನೋಡ್ತಿದ್ದೆ, ಬೆನ್ನ ಮೇಲೆ ಹಳದಿ ಗೆರೆ ಇತ್ತು ಅದಕ್ಕೆ. ಅದನ್ನ ಕಣ್ಣಲ್ಲಿ ನೋಡದೆ ನಾನು ಕಾಫಿ ಮುಟ್ಟಲ್ಲ."

ಅಂದೇ ಜಾಲರಿಯನ್ನು ಕಿತ್ತೆ. ಹಾಕುವುದಕ್ಕಿಂತ ಕೀಳುವುದು ಕಷ್ಟವಾಯಿತು, ಜೋಸೇಟನ ಕೆಲಸ ಅಷ್ಟು ಗಟ್ಟಿ. ಮರುದಿನ ಕೆರೆಯ ದಂಡೆಗೆ ಹೋಗಿ ಹುಡುಕಿದೆ. ಕೆರೆಯ ತುಂಬ ಕಪ್ಪೆಗಳು, ಒಂದೂ ಬೆನ್ನು ತೋರಿಸಲಿಲ್ಲ. ಅಕ್ಕ ಕುಡಿಯದೆ ಅಮ್ಮನಿಗೂ ಕಾಫಿ ಇಳಿಯುತ್ತಿರಲಿಲ್ಲ. ಇಬ್ಬರೂ ಬಿಸಿನೀರು ಕುಡಿಯುತ್ತಾ ಕೂತಿದ್ದರು. ಕಾಫಿ ತೋಟದ ನಟ್ಟನಡುವೆ ಇದಕ್ಕಿಂತ ದೊಡ್ಡ ಉಪವಾಸ ನಾನು ಕಂಡಿಲ್ಲ.

ಮಾರನೆಯ ಮಧ್ಯಾಹ್ನ ಮಳೆ ಬಂತು. ಈ ವರ್ಷದ ಮೊದಲ ಜೋರು ಮಳೆ. ಮಳೆ ನಿಂತು, ಹೊತ್ತು ಮುಳುಗಲು ಸ್ವಲ್ಪವೇ ಬಾಕಿಯಿತ್ತು. ಮುಳುಗಿದ ಮೇಲೆ ನಮ್ಮಲ್ಲಿ ಏನೂ ಬಾಯಿಗೆ ಹಾಕುವುದಿಲ್ಲ. ದೊಡ್ಡಮ್ಮ ಕೈಕಾಲು ತೊಳೆಯಲು ಹೋಗಿದ್ದಳು. ಸದ್ದಿಲ್ಲ. ಮತ್ತೆ ಜಾರಿದಳೋ ಎಂದು ನಾನು ಎದ್ದು ನಿಂತೆ.

"ತಂಗೀ," ಬಚ್ಚಲಿನಿಂದ ದೊಡ್ಡಮ್ಮನ ದನಿ ಬಂತು, "ಬೇಗ ಕಾಫಿಗೆ ನೀರಿಡೇ!"

ಹೋಗಿ ನೋಡಿದೆ. ಬಕೆಟ್ಟಿನ ಹಿಂದೆ ಹಳದಿ ಗೆರೆ. ಅದರ ಎದುರು ದೊಡ್ಡಮ್ಮ ಕೈಮುಗಿದು ನಿಂತಿದ್ದಾಳೆ. ಕಪ್ಪೆ ಎಂದಿನಂತೆ ಮುಖ ಆ ಕಡೆ ತಿರುಗಿಸಿಕೊಂಡಿದೆ.

ತೂಬು ಈಗಲೂ ತೆರೆದೇ ಇದೆ. ಜಾಲರಿ ಅಡುಗೆಮನೆಯಲ್ಲಿದೆ, ಬಿಸಿ ಕಾಫಿ ಪಾತ್ರೆ ಇಳಿಸಿಡಲು ಅಷ್ಟು ಅನುಕೂಲವಾದದ್ದು ಬೇರೆ ಇಲ್ಲ. ಬಂದವರು ಕೇಳಿದರೆ, ಬಚ್ಚಲಿಗೆಂದು ತಂದದ್ದು ಎನ್ನುತ್ತೇನೆ. ಅವರು ಕೂಡಲೇ ಮಳೆಯ ವಿಷಯ ತೆಗೆಯುತ್ತಾರೆ.