ಹಗ್ಗ ಸರಿಸಿ ಒಳಗೆ ಕರೆದವರು

ಅವರ ಎಡ ಮುಂಗೈಯಲ್ಲಿ ಹೆಬ್ಬೆರಳ ಗಾತ್ರದ ಒಂದು ನರ ಸುರುಳಿ ಸುತ್ತಿಕೊಂಡು ಉಬ್ಬಿತ್ತು. ಡಯಾಲಿಸಿಸ್‌ಗೆಂದು ವೈದ್ಯರು ರಕ್ತನಾಳಗಳೆರಡನ್ನು ಕೂಡಿಸಿದ್ದರ ಗುರುತು. ಮುಟ್ಟಿದರೆ ಒಳಗೆ ಸಣ್ಣನೆಯ ನಡುಕ ತಿಳಿಯುತ್ತಿತ್ತು. ಓಣಿಯ ಮಕ್ಕಳನ್ನು ಕರೆದು, "ಕಿವಿ ಇಟ್ಟು ಕೇಳ್ರಲೇ, ನನ್ನ ಕೈಯಾಗ ಅಕ್ಕಿ ಗಿರಣಿ ನಡದೈತಿ" ಎಂದು ನಗಿಸುತ್ತಿದ್ದರು.

ಗಂಗಾವತಿಯಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವ ಪುಟ್ಟ ಅಂಗಡಿ ಅವರದು. ನಾನು ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನು. ಸಂಜೆ ಪುರಾಣ ಓದಿ ಅರ್ಥ ಹೇಳುವವನು. ನನಗಿಂತ ಬಹಳ ಕಿರಿಯರಾದ ಅವರು ಅಂಗಡಿ ಮುಚ್ಚಿ ಬಂದು, ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ಕೇಳುತ್ತಿದ್ದರು. ಮೂತ್ರಪಿಂಡಗಳು ಕೆಟ್ಟಾಗ ಹೆಂಡತಿಯೇ ತನ್ನದೊಂದನ್ನು ಕೊಟ್ಟು ಅವರನ್ನು ಉಳಿಸಿಕೊಂಡಿದ್ದರು. ಮೈ ಅದನ್ನು ತಳ್ಳಿಹಾಕದಂತೆ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಗುಳಿಗೆಗಳನ್ನು ಅವರು ದಿನವೂ ನುಂಗಬೇಕಿತ್ತು. ಗಂಡಹೆಂಡಿರ ಜಗಳದಲ್ಲಿ ಆಕೆ, "ನಂದು ನನಗ ತಿರುಗಿ ಕೊಡ್ರಿ" ಎನ್ನುವರು. "ಬಾಡಿಗಿಗೆ ಬಂದದ್ದು ಮನಿ ಬಿಡಂಗಿಲ್ಲ ಅಂತೈತಿ, ನಾ ಏನ್ ಮಾಡ್ಲಿ?" ಎಂದು ಇವರು ನಗುವರು.

ಕೊರೋನಾ ಕಾಲದಲ್ಲಿ ಅವರು ಮೂರು ಬಾರಿ ಲಸಿಕೆ ಹಾಕಿಸಿಕೊಂಡರು. ಆದರೆ ರಕ್ತ ಪರೀಕ್ಷಿಸಿದ ವೈದ್ಯರು, ರಕ್ಷಣೆ ಹುಟ್ಟಿದ ಗುರುತು ಬಹಳ ಕಡಿಮೆ ಎಂದರಂತೆ. ಕಾರಣವನ್ನು ಅವರೇ ನನಗೆ ಬಿಡಿಸಿ ಹೇಳಿದರು.

"ಸೂಜಿ ಬಂದು ಪಾಠ ಹೇಳತೈತ್ರಿ ಆಚಾರ್ರ. ಆದ್ರ ಕಲಿಯೋರು ನನ್ನ ಮೈಯಾಗ ಗುಳಗಿ ನುಂಗಿ ಮಲಗ್ಯಾರ. ಗುಳಗಿ ಬಿಟ್ರ ಎದ್ದು ಕುಂತು, ಮೊದ್ಲು ಈಕಿ ಕೊಟ್ಟದ್ದನ್ನ ಹೊರಗ ಹಾಕ್ತಾರ. ಅದಕ್ಕ ನನ್ನ ಸುತ್ತ ಇರೋ ಮಂದಿ ಕಲ್ತಿರಬೇಕ್ರಿ. ಅವರ ಸೂಜೀನ ನನಗ ಕಾವಲು."

ಅಂಗಡಿಯ ಬಾಗಿಲಿಗೆ ಅಡ್ಡಲಾಗಿ ಹಗ್ಗ ಕಟ್ಟಿದರು. ಗಿರಾಕಿಗಳು ಹೊರಗೇ ನಿಂತು ಪುಸ್ತಕ ಕೊಡಬೇಕು. ನನ್ನನ್ನೂ ನಿಲ್ಲಿಸಿದಾಗ ನನಗೆ ಕಸಿವಿಸಿಯಾಯಿತು. "ಏನು ತಮ್ಮಾ, ನಾನೂ ಹೊರಗಿನವನೇ?" ಎಂದೆ.

"ಸಿಟ್ಟಾಗಬ್ಯಾಡ್ರಿ. ನೀವು ಮಡಿಯಾಗ ಇದ್ದಾಗ ನಾ ಹತ್ರ ಬಂದೀನೇನ್ರಿ? ಇದು ನನ್ನ ಮಡಿ. ನಿಮಗ ಸೂಜಿ ಆಗೇತೇನ್ರಿ?"

"ಆಗಿದೆ" ಎಂದೆ.

ಆಗಿರಲಿಲ್ಲ. ತ್ರಿಕಾಲ ಸ್ನಾನ, ಸಂಧ್ಯಾವಂದನೆ, ಮಿತಾಹಾರಗಳಿರುವ ದೇಹಕ್ಕೆ ಸೂಜಿಯ ಹಂಗೇಕೆ ಎಂಬ ಬಿಂಕ ನನ್ನದು. ಎಪ್ಪತ್ತು ವರ್ಷ ನನ್ನ ಮಡಿಗಾಗಿ ಜನರನ್ನು ದೂರ ನಿಲ್ಲಿಸಿದವನಿಗೆ, ಇನ್ನೊಬ್ಬರ ಜೀವಕ್ಕಾಗಿ ಒಂದು ಹಗ್ಗದಾಚೆ ನಿಲ್ಲುವುದು ಅವಮಾನವಾಗಿ ಕಂಡಿತು. ಅವರು ಹಗ್ಗ ಸರಿಸಿ ನನ್ನನ್ನು ಒಳಗೆ ಕೂಡಿಸಿದರು.

ಕೆಲಸವೂ ಒಳಗೆ ಜೊತೆಗೆ ಕೂತೇ ಮಾಡುವಂಥದಾಗಿತ್ತು. ನನ್ನ ತಂದೆಯವರ ಕೈಬರಹದ ಪುರಾಣದ ಹಾಳೆಗಳು ಚದುರಿದ್ದವು, ಪುಟಸಂಖ್ಯೆಗಳಿರಲಿಲ್ಲ. ನಾನು ಒಂದೊಂದೇ ಹಾಳೆಯ ಕೊನೆಯ ಸಾಲನ್ನು ಓದಿ ಹೇಳಬೇಕು, ಮುಂದಿನದನ್ನು ಇಬ್ಬರೂ ಹುಡುಕಬೇಕು, ಅವರು ಅದನ್ನು ಹೊಲಿಗೆಗೆ ಜೋಡಿಸಬೇಕು. ಬಟ್ಟೆ ಅಡ್ಡವಿದ್ದರೆ ಉಚ್ಚಾರ ಕೆಡುತ್ತದೆಂದು ಮಾಸ್ಕನ್ನು ಗದ್ದಕ್ಕಿಳಿಸಿ ಓದುತ್ತಿದ್ದೆ.

ಕೊನೆಯ ಅಧ್ಯಾಯದ ದಿನ ನನ್ನ ಗಂಟಲು ಕಟ್ಟಿತ್ತು. ಚಹಾ ತಂದ ಅವರ ಹೆಂಡತಿ ನನ್ನನ್ನೇ ನೋಡಿ, "ದನಿ ಒಡದೈತಲ್ರಿ ಆಚಾರ್ರ?" ಎಂದರು. ಹಳೆಯ ಹಾಳೆಗಳ ಧೂಳು ಎಂದೆ. ಅದು ಪೂರ್ತಿ ಸುಳ್ಳಲ್ಲ, ಬೆಳಗ್ಗೆ ಮೈ ಬಿಸಿಯಾಗಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಮೂರು ತಾಸು ಓದಿದೆ.

ನನಗೆ ನಾಲ್ಕು ದಿನದ ಕಷಾಯದಲ್ಲಿ ವಾಸಿಯಾಯಿತು. ಅಷ್ಟರಲ್ಲಿ ಅವರಿಗೆ ಜ್ವರ ಏರಿ, ಹುಬ್ಬಳ್ಳಿಗೆ ಕರೆದೊಯ್ದಿದ್ದರು. ಮೂರನೆಯ ವಾರ ಅಲ್ಲಿಯೇ ತೀರಿಕೊಂಡರು. ಯಾರ ಉಸಿರಿನಿಂದ ಬಂದಿತೆಂದು ಯಾರೂ ಹೇಳಲಾರರು. ಹೊರಗಿನವರಲ್ಲಿ ಅವರು ಒಳಗೆ ಬಿಟ್ಟದ್ದು ನನ್ನೊಬ್ಬನನ್ನೇ ಎಂಬುದಷ್ಟೇ ನನಗೆ ಗೊತ್ತು.

ವರ್ಷಾಂತಿಕ ಕಳೆದ ಮೇಲೆ ಒಂದು ಬೆಳಗ್ಗೆ ಅವರ ಮನೆಗೆ ಹೋಗಿ ಹೆಂಡತಿಗೆ, "ತಾಯಿ, ಅಂದು ನಾನು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಸುಳ್ಳಾಡಿದೆ" ಎಂದೆ.

ಆಕೆ ಜೋಳ ಹಸನು ಮಾಡುತ್ತಿದ್ದರು. ಮೊರದಿಂದ ಕಣ್ಣೆತ್ತಲಿಲ್ಲ.

"ಗೊತ್ತಿತ್ರಿ. ನೀವು ಒಲ್ಲೆ ಅಂದದ್ದನ್ನ, ಸೂಜಿ ಹಾಕಿಸಾಕ ಮನಿ ಮನಿ ತಿರಗೋ ಆಶಾ ಅಕ್ಕ ನಮ್ಮ ಮುಂದ ಅಂದಿದ್ಲು."

"ಅವರಿಗೂ ಗೊತ್ತಿತ್ತೇ?"

"ಗೊತ್ತಿತ್ರಿ. ಬರಬ್ಯಾಡ್ರಿ ಅನ್ರಿ ಅಂತ ನಾ ಜಗಳಾನೂ ಮಾಡಿದೆ. 'ಆಚಾರ್ರು ಆಗೇತಿ ಅಂದಾರ. ಹಿರೇರಿಗೆ ನೀವು ಸುಳ್ಳ ಹೇಳ್ತೀರಿ ಅನ್ನಾಕ ನನಗ ಬಾಯಿ ಬರಂಗಿಲ್ಲ' ಅಂದ್ರು."

ಆಕೆ ಒಂದು ಮಾತು ಬಿರುಸಾಗಿ ಆಡಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಎದ್ದು ಹೋಗಿ ನೀರಿನ ತಂಬಿಗೆ ತಂದಿಟ್ಟು, ಮತ್ತೆ ಮೊರ ಹಿಡಿದು ಕೂತರು.

ನನ್ನ ಮೇಲಿನ ಭಕ್ತಿಯೇ ಅವರ ಬಾಯಿ ಕಟ್ಟಿತು. ಆ ಭಕ್ತಿಗೆ ನಾನು ಯೋಗ್ಯನೆಂದು ಎಷ್ಟೋ ವರ್ಷ ನಂಬಿಕೊಂಡು ಪೀಠದ ಮೇಲೆ ಕೂತಿದ್ದೆ.

ಅಲ್ಲಿಂದ ನೇರವಾಗಿ ಆರೋಗ್ಯ ಕೇಂದ್ರಕ್ಕೆ ನಡೆದೆ. ನರ್ಸ್ ತಾಯಿ ತೋಳು ಒರೆಸಿ ಲಸಿಕೆ ಚುಚ್ಚಿ, "ಆತು ಅಜ್ಜಾರ, ಮುಗೀತ್ರಿ" ಎಂದರು. ಇರುವೆ ಕಚ್ಚಿದಷ್ಟೂ ನೋವಾಗಲಿಲ್ಲ. ಅವರು ಮೂರು ಬಾರಿ ಕೈಯೊಡ್ಡಿಯೂ ಪಡೆಯಲಾಗದೆ ಹೋದ ರಕ್ಷಣೆ ನನಗೆ ಇಷ್ಟು ಸುಲಭವಾಗಿ ಸಿಕ್ಕುವಂಥದಾಗಿತ್ತು.