ಎಡಗಡೆಯ ಮುಚ್ಚಳ

ಹೋದ ವಾರ ಕೊಯಮತ್ತೂರಿನ ಶರವಣಂಪಟ್ಟಿಯಲ್ಲಿ ಆಫೀಸು ಬಿಟ್ಟು ಬಸ್ಸಿಗೆಂದು ನಡೆಯುತ್ತಿದ್ದಾಗ ಒಂದು ಟಿಂಕರಿಂಗ್ ಶೆಡ್ಡಿನಿಂದ ಪಟ್ಟಿಯ ವಾಸನೆ ಬಂತು. ನೆಗ್ಗಿದ ಕಾರಿನ ಮೈಗೆ ಮೆತ್ತಿ, ಒಣಗಿದ ಮೇಲೆ ಉಪ್ಪುಕಾಗದದಲ್ಲಿ ಉಜ್ಜಿ ನುಣುಪು ಮಾಡುತ್ತಾರಲ್ಲ, ಆ ಲೇಪಕ್ಕೆ ನಮ್ಮ ಕಡೆ ಪಟ್ಟಿ ಅನ್ನುತ್ತಾರೆ. ಅದೃಷ್ಟವಂತರಿಗೆ ಸಂಪಿಗೆಯ ವಾಸನೆಗೋ ಕಾಫಿಪುಡಿಯ ವಾಸನೆಗೋ ಹಳೆಯದೆಲ್ಲ ನೆನಪಾಗುತ್ತದೆ. ನನ್ನ ಹಣೆಬರಹ ನೋಡಿ, ಪಟ್ಟಿಯ ವಾಸನೆಗೆ ಅವಿನಾಶಿಯ ಮಾಮ ನೆನಪಾದರು. ನೆನೆಯುತ್ತ ನಿಂತವನಿಗೆ ಬಸ್ಸು ಬಂದು ಹೋದದ್ದೂ ತಿಳಿಯಲಿಲ್ಲ.

ಮಾಮ ಎಂದರೆ ನನ್ನ ತಾಯಿಯ ತಮ್ಮ, ನೇಕಾರರು. ನಮ್ಮ ಜನ ಈ ಕಡೆಗೆ ಯಾವಾಗ ಬಂದರೋ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಜಗಳ ಶುರುವಾಗುವುದು ಕನ್ನಡದಲ್ಲಿ, ಬೀದಿಗೆ ಬಂದ ಮೇಲೆ ಮುಗಿಯುವುದು ತಮಿಳಿನಲ್ಲಿ. ಕನ್ನಡ ಓದಲು ಬರುವವನು ಇಡೀ ಬಳಗದಲ್ಲಿ ನಾನೊಬ್ಬನೇ, ಅದೂ ತಲೆ ನರೆಯುವ ಹೊತ್ತಿಗೆ ಹಟ ಹಿಡಿದು ಕಲಿತದ್ದು. ಇದನ್ನು ಬರೆಯುವ ಧೈರ್ಯ ಬಂದದ್ದೂ ಅದರಿಂದಲೇ. ಮಾಮನಾಗಲಿ, ಅವರ ಮಗ ಸೆಂದಿಲ್ ಆಗಲಿ ಇದನ್ನು ಓದಲಾರರು. ನೀವು ಓದಿದಿರಿ ಎಂದು ಅವರಿಗೆ ಹೇಳಲು ಹೋಗಬೇಡಿ.

ಮಾಮನ ಮನೆಯಲ್ಲಿ ಒಂದು ಹಳೆಯ ಬಿಳಿ ಕಾರಿತ್ತು. ನೇಯ್ದ ಸೀರೆಗಳನ್ನು ಅಂಗಡಿಗಳಿಗೆ ತಲುಪಿಸಲು ಸೆಂದಿಲ್ ಅದನ್ನು ಓಡಿಸುತ್ತಿದ್ದ. ವಾಲ್ಪಾರೈ ಬೆಟ್ಟಕ್ಕೆ ಹೋಗಿಬಂದ ಹುರುಪಿನಲ್ಲಿ ಅದಕ್ಕೆ ಫಾಗ್ ಲೈಟು ಹಾಕಿಸಿದ್ದ. ಮಂಜಿನಲ್ಲಿ ದಾರಿ ಕಾಣಲೆಂದು ಬಂಪರಿನ ಎರಡು ತುದಿಗೆ ಕೂರಿಸುವ ದುಂಡನೆಯ ದೀಪಗಳು ಅವು. ನಮ್ಮ ಬಯಲಿನಲ್ಲಿ ಮಾರ್ಗಳಿ ತಿಂಗಳ, ಅಂದರೆ ಧನುರ್ಮಾಸದ, ಬೆಳಗು ಬಿಟ್ಟರೆ ಮಂಜಿನ ಮುಖ ಯಾರು ನೋಡಿದ್ದಾರೆ? ಬೋಳುತಲೆಗೆ ಎರಡೆರಡು ಬಾಚಣಿಗೆ ಎಂದು ನಾನು ಗೇಲಿ ಮಾಡಿದ್ದೆ. ಅವನೂ ನಕ್ಕಿದ್ದ. ಆಗೆಲ್ಲ ಅವನು ನಗುವುದಕ್ಕೆ ಕಾರಣ ಹುಡುಕುತ್ತಿರಲಿಲ್ಲ.

ಅಂಥದೇ ಒಂದು ಮಾರ್ಗಳಿಯ ಬೆಳಗ್ಗೆ ಸೆಂದಿಲ್ ಮದುವೆಯ ಸೀರೆಗಳನ್ನು ಕಾರಿಗೆ ಹಾಕಿಕೊಂಡು ಮಡತ್ತುಕುಳಂ ಕಡೆಗೆ ಹೊರಟಿದ್ದ. ಅಮರಾವತಿ ಹೊಳೆಯ ನೀರಿನ ಗದ್ದೆಗಳ ಸೀಮೆ ಅದು, ಮಂಜು ಇಳಿದರೆ ಎದುರಿನ ಎಮ್ಮೆಯೂ ಕಾಣುವುದಿಲ್ಲ. ಹಾಲಿನ ಕ್ಯಾನು ಕಟ್ಟಿದ್ದ ಸೈಕಲ್ಲಿನಲ್ಲಿ ಒಬ್ಬ ಮುದುಕರು ಗದ್ದೆಯ ದಾರಿಯಿಂದ ರಸ್ತೆಗೆ ಬಂದರು. ಕಾರಿನ ಎಡ ಮೂಲೆ ಅವರಿಗೆ ಬಡಿಯಿತು. ಸೆಂದಿಲ್ ಓಡಿಹೋಗಲಿಲ್ಲ. ಅವರನ್ನೆತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದ. ಆಸ್ಪತ್ರೆ ಸಿಗುವ ಮೊದಲೇ ಅವರು ಹೋಗಿಬಿಟ್ಟಿದ್ದರು.

ಠಾಣೆಯಲ್ಲಿ ಅವನನ್ನು ಕೇಳಿದ ಪ್ರಶ್ನೆಗಳಲ್ಲಿ ಒಂದು, ಫಾಗ್ ಲೈಟು ಹಾಕಿದ್ದೆಯಾ ಎಂದು. ಹಾಕಿದ್ದೆ ಎಂದ. ಕೇಸು ಎಳೆದಾಡಿ ಕೊನೆಗೆ ಅವನ ತಪ್ಪಿಲ್ಲವೆಂದೇ ಮುಗಿಯಿತು. ಅಷ್ಟರಲ್ಲಿ ಕಾರು ಠಾಣೆಯ ಹಿಂದೆ ಬಿಸಿಲು ಮಳೆ ತಿಂದಿತ್ತು. ಎಡಗಡೆಯ ದೀಪ ಅಪಘಾತದಲ್ಲೇ ಪುಡಿಯಾಗಿತ್ತು, ಬಲಗಡೆಯದನ್ನು ಯಾರೋ ಪುಣ್ಯಾತ್ಮ ಬಿಚ್ಚಿಕೊಂಡು ಹೋಗಿದ್ದ. ಕಾರು ಮನೆಗೆ ಬಂದಾಗ ಮುಂದೆ ಎರಡು ತೂತು ಮಾತ್ರ ಉಳಿದಿದ್ದವು.

ಅಲ್ಲಿಂದ ಸೆಂದಿಲ್‌ಗೆ ಗೀಳು ಹಿಡಿಯಿತು ನೋಡಿ. ಠಾಣೆಯಲ್ಲಿ ಅವನು ಹೇಳಿದ್ದು ಸುಳ್ಳು ಎನ್ನುವಂತಿಲ್ಲ, ನಿಜ ಎನ್ನುವಂತೆಯೂ ಇಲ್ಲ. ದೀಪದ ಗುಂಡಿ ಒತ್ತಿದ್ದನೋ ಇಲ್ಲವೋ ಅವನಿಗೆ ನೆನಪೇ ಇರಲಿಲ್ಲ. ದೀಪ ಹೊತ್ತಿದ್ದರೆ ಆ ಮುದುಕರಿಗೆ ಕಾರು ಬರುವುದು ಕಾಣುತ್ತಿತ್ತೋ ಏನೋ. ಊಟಕ್ಕೆ ಕೂತರೆ ಮನೆಯ ಮುಂದೆ ನಿಂತ ಕಾರಿನ ಆ ತೂತುಗಳನ್ನು ನೋಡುತ್ತ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು. ನಾನು ಯಾವಾಗ ಹೋದರೂ ಒಂದೇ ಮಾತು.

“ಬಾವ, ನಾ ಹಾಕಿದ್ನಾ, ಇಲ್ವಾ?”

ನನಗೆ ಹೇಗೆ ಗೊತ್ತಿರಬೇಕು? ನಾನು ಆ ಹೊತ್ತಿಗೆ ಕೊಯಮತ್ತೂರಿನಲ್ಲಿ ಹೊದ್ದು ಮಲಗಿದ್ದವನು. ಅವನು ಕುಳಿ ತೋಡಿ ಕೂರಿಸಿದ ಮಗ್ಗಕ್ಕೆ ಇಳಿಯುವುದನ್ನು ಬಿಟ್ಟ. ಕ್ಷೌರ ಬಿಟ್ಟ. ಬಂದ ಸಂಬಂಧಗಳು ಬಾಗಿಲಿಂದಲೇ ತಿರುಗಿದವು. ಅತ್ತೆ ಅವನನ್ನು ಒಬ್ಬನನ್ನೇ ಬಿಟ್ಟು ಅಂಗಡಿಗೂ ಹೋಗುತ್ತಿರಲಿಲ್ಲ. ಮಗ ಹೀಗೇ ಕೂತು ಕೂತು ಒಂದು ದಿನ ಇಲ್ಲವಾಗಿಬಿಡುತ್ತಾನೆ ಎಂಬ ಹೆದರಿಕೆ ಮಾಮನಿಗೆ. ಅವರು ಅದನ್ನು ಬಾಯಿಬಿಟ್ಟು ಹೇಳಿದ್ದು ನನ್ನೊಬ್ಬನಿಗೆ, ಅದೂ ತಲೆ ತಗ್ಗಿಸಿಕೊಂಡು.

ಕಾರು ಮಾರಿಬಿಡಿ ಎಂದವರಿದ್ದರು. ಮಾರಿದರೆ ಅವನು ಇನ್ನು ಯಾವ ಕಾರನ್ನೂ ಮುಟ್ಟುವುದಿಲ್ಲ ಎಂಬುದು ಮಾಮನ ವಾದ. ಹೊಸ ದೀಪ ಹಾಕಿಸಿ ಎಂದರು ಕೆಲವರು. ಅಂಥ ಹಳೆಯ ಕಾರಿಗೆ ಆ ದೀಪ ಈಗ ಬರುವುದೇ ಇಲ್ಲವೆಂದು ಅಂಗಡಿಯವರು ಕೈ ಅಲ್ಲಾಡಿಸಿದರು. ಸಿಕ್ಕಿದ್ದರೂ ಮಾಮ ಹಾಕಿಸುತ್ತಿರಲಿಲ್ಲ ಅನ್ನಿ. “ಲೈಟ್ ಇದ್ರೆ ತಾನೆ ಕಣ್ಣು, ಹಾಕಿದ್ನಾ ಇಲ್ವಾ ಅನ್ನೋ ಪೇಚ್ಚು? ಆ ಜಾಗಾನೇ ಇಲ್ದಂಗೆ ಮಾಡ್ಬಿಡ್ತೀನಿ” ಎಂದರು. ಪೇಚ್ಚು ಅಂದರೆ ಮಾತು, ಕಣ್ಣು ಎಂದದ್ದು ನನ್ನನ್ನು. ನಮ್ಮ ಕಡೆ ಹಿರಿಯರು ಪ್ರೀತಿಯಿಂದ ಹಾಗೆಯೇ ಕರೆಯುತ್ತಾರೆ, ಎದುರಿಗಿರುವವನು ಐವತ್ತು ದಾಟಿದ್ದರೂ.

ಹೀಗೆ ಶುರುವಾಯಿತು ಮುಚ್ಚಳದ ಕೆಲಸ. ಮಗ್ಗದ ಮನೆಯ ಅಟ್ಟದ ಮೇಲೆ ಹಳೆಯ ಜಕಾರ್ಡ್ ರಟ್ಟುಗಳ ಕಟ್ಟುಗಳಿದ್ದವು. ಸೀರೆಯಲ್ಲಿ ಹೂವು ಎಲ್ಲಿ ಮೂಡಬೇಕೆಂದು ಮಗ್ಗಕ್ಕೆ ಹೇಳಿಕೊಡುವ, ಮೈತುಂಬ ತೂತಿರುವ ರಟ್ಟುಗಳು ಅವು. ಅವುಗಳಲ್ಲಿ ಗಟ್ಟಿಯಾದ ಎರಡನ್ನು ಆರಿಸಿ ಮಾಮ ಕಾರಿನ ತೂತುಗಳ ಆಕಾರ ಕತ್ತರಿಸಿದರು. ಬಲಗಡೆಯದು ಮೊದಲಿನಂತೆ ದುಂಡಗೇ ಇತ್ತು. ಎಡಗಡೆಯದು ಏಟು ತಿಂದು ಒಂದು ಮಗ್ಗುಲಲ್ಲಿ ಒಳಕ್ಕೆ ಕುಸಿದಿತ್ತು. ಟಿಂಕರಿಂಗ್‌ನವನು ಬಾನೆಟ್ಟು ಸರಿ ಮಾಡಿದ್ದ, ಆ ಮೂಲೆಯನ್ನು ಮಾತ್ರ ತಟ್ಟಿ ತಟ್ಟಿ ಕೈಬಿಟ್ಟಿದ್ದ. ಮಾಮ ಆ ಸೊಟ್ಟವನ್ನು ಹಾಗೆಯೇ ರಟ್ಟಿಗೆ ಇಳಿಸಿದರು. ಆಮೇಲೆ ತಮ್ಮದೇ ಮಗ್ಗದ ಬಟ್ಟೆಯನ್ನು ತುಂಡು ಮಾಡಿ, ಫೈಬರ್ ಕೆಲಸದವರು ಬಳಸುವ ಅಂಟಿನಲ್ಲಿ ಅದ್ದಿ, ರಟ್ಟಿನ ಮೇಲೆ ಪದರ ಪದರವಾಗಿ ಹಾಸಿದರು. ಒಣಗಿದರೆ ಅದು ಹಲಗೆಯಷ್ಟು ಗಟ್ಟಿ. ಅದರ ಮೇಲೆ ಪಟ್ಟಿ, ಪಟ್ಟಿಯ ಮೇಲೆ ಬಣ್ಣ.

ನನ್ನ ಪಾಲಿಗೆ ಬಂದದ್ದು ಉಪ್ಪುಕಾಗದ. ಭಾನುವಾರ ಹೋಗಿ ಮನಸ್ಸಿಟ್ಟು ಉಜ್ಜಿದೆ, ಪಟ್ಟಿಯೆಲ್ಲ ಹೋಗಿ ಒಳಗಿನ ಬಟ್ಟೆ ಕಾಣುವವರೆಗೂ ಉಜ್ಜಿದೆ. ಮಾಮ ಅದನ್ನು ಮೆಲ್ಲಗೆ ನನ್ನ ಕೈಯಿಂದ ಬಿಡಿಸಿಕೊಂಡು, ನೀನು ಆಫೀಸಿನಲ್ಲಿ ಮಾಡುವುದೇನು ಎಂದು ಕೇಳಿದರು. ಸಹಿ ಹಾಕುತ್ತೇನೆ ಎಂದೆ. ಬಹಳ ಕಾಲದ ಮೇಲೆ ಅತ್ತೆ ನಕ್ಕದ್ದು ಅವತ್ತು. ಸೆಂದಿಲ್ ಮಾತ್ರ ಜಗಲಿಯಲ್ಲಿ ನಮಗೆ ಬೆನ್ನು ಮಾಡಿ ಕೂತಿದ್ದ.

ಕೂರಿಸಿ ನೋಡಿದರೆ ಬಲಗಡೆಯ ಮುಚ್ಚಳ ಸರಿಯಾಗಿ ಕೂತಿತು, ಎಡಗಡೆಯದು ಕೂರಲಿಲ್ಲ. ಮಾಮ ಮೇಲೆ ಕೆಳಗೆ ತಿರುಗಿಸಿದರು, ಒತ್ತಿದರು, ಅಂಚು ಕೆರೆದರು, ಬೈದರು. ಕಾರಣ ನಿಮಗೆ ತಿಳಿಯಬೇಕಾದರೆ ಮಗ್ಗದ ಒಂದು ಸಂಗತಿ ಹೇಳಬೇಕು. ಇಂಥ ಹೂವಿನ ಸೀರೆಯನ್ನು ನಮ್ಮವರು ಮುಖ ಕೆಳಗೆ ಮಾಡಿ ನೇಯುತ್ತಾರೆ. ನೇಯುವವನ ಕಣ್ಣೆದುರಿಗಿರುವುದು ಸೀರೆಯ ಬೆನ್ನು. ಹೂವು ನೆಲದ ಕಡೆಗೆ ಮುಖ ಮಾಡಿಕೊಂಡು ಬೆಳೆಯುತ್ತಿರುತ್ತದೆ, ಸರಿ ಬಂದಿದೆಯೋ ಎಂದು ನೋಡಲು ಕೆಳಗೆ ಕನ್ನಡಿ ಹಿಡಿಯಬೇಕು. ಹುಟ್ಟಿದಾಗಿನಿಂದ ಹಾಗೆ ದುಡಿದ ಕೈ, ರಟ್ಟನ್ನೂ ಮಕಾಡೆ ಮಲಗಿಸಿ ಅದರ ಬೆನ್ನಿನ ಮೇಲೆ ಬಟ್ಟೆ ಹಾಸಿತ್ತು. ದುಂಡಗಿನದಕ್ಕೆ ಅದರಿಂದ ಏನೂ ಆಗಲಿಲ್ಲ. ಸೊಟ್ಟಗಿನದು ಎಡ ಬಲ ಅದಲುಬದಲಾಯಿತು. ಬೇರೆ ಯಾವ ಜಾತಿಯ ಕೆಲಸಗಾರನೂ ಈ ತಪ್ಪು ಮಾಡುತ್ತಿರಲಿಲ್ಲ. ಮಾಡಿದವರಿಗೆ ಅದು ಕಾಣಲೂ ಇಲ್ಲ.

ಕಂಡದ್ದು ಸೆಂದಿಲ್‌ಗೆ. ಯಾವಾಗ ತಿರುಗಿ ನೋಡಿದನೋ ತಿಳಿಯದು, ಜಗಲಿಯಿಂದ ಇಳಿದು ಬಂದ. “ಅಪ್ಪಾ, ಮಗುಚಿ ಮಾಡ್ಬಿಟ್ಟಿದ್ದೀರ” ಎಂದ. ಹೊಸ ರಟ್ಟು ತರಿಸಿ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಆ ಕುಸಿದ ಮೂಲೆಗೆ ಬೆರಳಿಟ್ಟು ಸುತ್ತಲೂ ಸವರಿದ. ಕಾರು ಠಾಣೆಯಿಂದ ಮನೆಗೆ ಬಂದ ಮೇಲೆ ಅವನು ಅದನ್ನು ಮುಟ್ಟಿದ್ದು ಅದೇ ಮೊದಲು. ಮಾಮ ಹಿಂದೆ ನಿಂತು ಉಸಿರು ಬಿಡಲೂ ಹೆದರುತ್ತಿದ್ದರು. ಎಡಗಡೆಯ ಮುಚ್ಚಳವನ್ನು ಮೊದಲಿಂದ ಕೊನೆಯವರೆಗೂ ಅವನೇ ಮಾಡಿದ. ಸೊಟ್ಟ ತೂತಿನೊಳಗೆ ಕೂತರೂ ಹೊರಗಿನಿಂದ ದುಂಡಗೆ ಕಾಣುವಂತೆ ಪಟ್ಟಿ ತುಂಬಿದ. ಬಣ್ಣ ಒಣಗಿದ ಮೇಲೆ ಎಲ್ಲಿ ಏಟು ಬಿದ್ದಿತ್ತೆಂದು ಯಾರೂ ಹೇಳುವಂತಿರಲಿಲ್ಲ. ಅವನು ಸ್ವಲ್ಪ ದೂರ ನಿಂತು ನೋಡಿ, “ಇಲ್ಲಿ ಲೈಟೇ ಇರ್ಲಿಲ್ಲ ಅನ್ನಂಗಿದೆ” ಎಂದ. ಮಾಮ ಅದನ್ನು ಹೊಗಳಿಕೆ ಎಂದುಕೊಂಡರು. ನಾನೂ ಹಾಗೇ ಅಂದುಕೊಂಡೆ.

ಮರುದಿನ ಅತ್ತೆ ಚಕ್ರಗಳ ಕೆಳಗೆ ನಿಂಬೆಹಣ್ಣಿಟ್ಟರು. ಸೆಂದಿಲ್ ಸ್ಟಿಯರಿಂಗ್ ಹಿಡಿದ, ಪಕ್ಕದಲ್ಲಿ ನಾನು, ಹಿಂದೆ ಮಾಮ ಹೊಸ ವೇಷ್ಟಿ ಉಟ್ಟು ಕೂತರು. ಅವಿನಾಶಿ ದೇವಸ್ಥಾನಕ್ಕೆ ಒಂದು ಸುತ್ತು ಹೋಗಿಬರುವುದೆಂದು ಮಾತಾಗಿತ್ತು. ಅವನು ದೇವಸ್ಥಾನದ ಬೀದಿ ದಾಟಿ ತಿರುಪ್ಪೂರಿನ ಕಡೆಗೆ ತಿರುಗಿಸಿದ. ಪಲ್ಲಡಂ ಬಂತು, ಉಡುಮಲೈ ಬಂತು. ಅದು ಮಡತ್ತುಕುಳಂ ದಾರಿ. ಉಡುಮಲೈ ದಾಟುವಾಗ ಮಾಮ ಒಮ್ಮೆ, ಬೇಡಪ್ಪಾ, ಎಂದು ಬಹಳ ಮೆಲ್ಲಗೆ ಅಂದರು. ಅವನು ಕಾರು ನಿಲ್ಲಿಸಲಿಲ್ಲ.

ಮಡತ್ತುಕುಳಂ ಆಚೆ ಗದ್ದೆಗಳ ನಡುವೆ ಹೆಂಚಿನ ಮನೆ. ಆ ಮುದುಕರ ಹೆಂಡತಿ ಅಂಗಳದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಕೋರ್ಟಿನಲ್ಲಿ ಕಂಡಿದ್ದ ಮುಖ, ಗುರುತು ಹಿಡಿದರು. ಸೆಂದಿಲ್ ಕೈಮುಗಿದು ನಿಂತ. ಅವರು ಅವನನ್ನು ಬಿಟ್ಟು ಕಾರನ್ನೇ ನೋಡುತ್ತಿದ್ದರು. ಸೆರಗಿಗೆ ಕೈ ಒರೆಸಿಕೊಂಡು ಹತ್ತಿರ ಬಂದರು. ಇದೇ ಕಾರೇ ಎಂದು ಕೇಳಿದರು. ಅವನು ತಲೆಯಾಡಿಸಿದ.

“ಎಂದ ಪಕ್ಕಂ, ತಂಬಿ?”

ಯಾವ ಕಡೆ ಎಂದು. ಅವನು ಎಡಗಡೆ ತೋರಿಸಿದ. ಅವರು ಬಗ್ಗಿ ನೋಡಿದರು, ಕೈಯಿಂದ ಸವರಿದರು. ಅಲ್ಲೇನಿತ್ತು? ನುಣ್ಣಗೆ, ಬೆಳ್ಳಗೆ, ನಮ್ಮ ಮನೆಯ ಜಾಣ್ಮೆ ಅಷ್ಟೂ ಅಲ್ಲಿ ಕೂತಿತ್ತು. ಇಲ್ಲಿ ಏನೂ ಇಲ್ಲವಲ್ಲಪ್ಪ ಎಂದರು. ಸಿಟ್ಟಿನಿಂದ ಅಂದದ್ದಲ್ಲ, ನಿಜವಾಗಿ ಹುಡುಕುತ್ತಿದ್ದರು. ಸೆಂದಿಲ್ ಮಂಡಿಯೂರಿ ಮುಚ್ಚಳದ ಅಂಚಿಗೆ ಉಗುರು ಹಾಕಿ ಎಳೆದ. ಪಟ್ಟಿ ಬಿರಿಯಿತು, ಉಗುರು ಕಿತ್ತು ರಕ್ತ ಬಂತು, ಕೊನೆಗೆ ಮುಚ್ಚಳ ಕೈಗೆ ಬಂತು. ಕುಸಿದ ಮೂಲೆ ಕಂಡಿತು. ಅವರು ಅದರ ಮೇಲೆ ಅಂಗೈ ಇಟ್ಟರು. ಅಂಗೈಯಷ್ಟೇ ಇತ್ತು.

“ಇವ್ವಳವುದಾನಾ?” ಎಂದರು.

ಇಷ್ಟೇನಾ, ಎಂದು. ಅವರು ಒಳಗೆ ಹೋಗಿ ಮಜ್ಜಿಗೆ ತಂದರು. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ವಾಡಿಕೆ ಆ ಸೀಮೆಯಲ್ಲಿಲ್ಲ, ಬಂದವರು ಯಾರೇ ಆಗಿರಲಿ. ಮಾಮ ಕಾರಿನಿಂದ ಇಳಿದಿರಲಿಲ್ಲ. ಅವರಿಗೂ ಕಿಟಕಿಯಲ್ಲಿ ಒಂದು ಲೋಟ ಕೊಟ್ಟರು. ಮಾಮ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಉಸಿರಿಗೆ ಕುಡಿದರು.

ಸೆಂದಿಲ್ ಆ ಮುಚ್ಚಳವನ್ನು ಮತ್ತೆ ಕೂರಿಸಲಿಲ್ಲ. ಈಗ ಕ್ಷೌರ ಮಾಡಿಕೊಳ್ಳುತ್ತಾನೆ, ಮಗ್ಗಕ್ಕೆ ಇಳಿಯುತ್ತಾನೆ, ಎಡಗಡೆ ತೂತಿರುವ ಕಾರಿನಲ್ಲೇ ಸೀರೆ ಸಾಗಿಸುತ್ತಾನೆ. ಬೆಳಕು ಹರಿದ ಮೇಲಷ್ಟೇ ಹೊರಡುತ್ತಾನೆ. ನಗುವುದು ಕಡಿಮೆ. ದೀಪ ಹಾಕಿದ್ದೆನೋ ಇಲ್ಲವೋ ಎಂದು ಅವನು ಅವತ್ತಿನಿಂದ ಯಾರನ್ನೂ ಕೇಳಿಲ್ಲ. ಆ ಊರಿಗೆ ಹೋಗಿಬಂದ ಮೇಲೆ ಕೇಳತೊಡಗಿದವರು ಮಾಮ.

ವಯಸ್ಸಾಗಿದೆ, ಮರೆವೂ ಬಂದಿದೆ. ಒಂದು ಊಟ ಇನ್ನೊಂದು ಊಟದ ಹೊತ್ತಿಗೆ ನೆನಪಿರುವುದಿಲ್ಲ, ಇದೊಂದು ಮಾತ್ರ ಮರೆತಿಲ್ಲ. ಬಸ್ಸು ತಪ್ಪಿಸಿಕೊಂಡ ಮರುದಿನವೇ ಅವಿನಾಶಿಗೆ ಹೋಗಿದ್ದೆ. ಪಕ್ಕದಲ್ಲಿ ಕೂತ ತಕ್ಷಣ ನನ್ನ ಮಣಿಕಟ್ಟು ಹಿಡಿದು, ಮಗನಿಗೆ ಕೇಳಿಸದಂತೆ ದನಿ ತಗ್ಗಿಸಿ, “ನೀ ಓದಿದವ, ಹೇಳು ಕಣ್ಣು. ಅವತ್ತು ಅವ ಲೈಟ್ ಹಾಕಿದ್ದ ತಾನೆ?” ಎಂದರು. ಸೆಂದಿಲ್ ಬಾಗಿಲಲ್ಲೇ ನಿಂತಿದ್ದ. ಒಳಗೆ ಬಂದು ಅಪ್ಪನ ಎದುರಿಗೆ ನೆಲದ ಮೇಲೆ ಕೂತ. ನನ್ನ ಕೈ ಹಿಡಿದಿದ್ದ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈಯೊಳಗೆ ತೆಗೆದುಕೊಂಡ.

“ಹಾಕಿದ್ದೆ, ಅಪ್ಪಾ” ಎಂದ.