ಫೌಜದಾರನ ಮುಂದೆ ಆಯಿ ಹೇಳದ ಮಾತು

ಹುಕ್ಕೇರಿಯಲ್ಲಿರುವ ನನ್ನ ಸೋದರತ್ತೆಯ ಪ್ರಕಾರ ನಡೆದದ್ದು ಹೀಗೆ: ಕಾಕಾ ರಂಗೂನಿನಿಂದ ಕರೆತಂದ ಚೀನಾದ ಹೆಂಡತಿಯನ್ನು ಜಿಲ್ಲೆಯಿಂದ ಹೊರಗೆ ಹಾಕುತ್ತೇನೆಂದು ಗೋಕಾಕ ಪೊಲೀಸ್ ಠಾಣೆಯ ಫೌಜದಾರ ಮೂಡಲಗಿಯ ನಮ್ಮ ಮನೆಗೆ ಬಂದು ಗದರಿಸಿದ. ಆಗ ನನ್ನ ಆಯಿ, ಅಂದರೆ ಅಪ್ಪ ಮತ್ತು ಕಾಕಾನ ತಾಯಿ, ಸೆರಗು ಬಿಗಿದು ಎದ್ದು ನಿಂತು, "ಅಕಿ ನನ್ನ ಸೊಸಿ. ಮುಟ್ಟ ನೋಡೂಣು!" ಎಂದಳು. ಫೌಜದಾರ ಟೊಪ್ಪಿಗೆ ತೆಗೆದು ಕೈಮುಗಿದು ಹೊರಟುಹೋದ.

ಕೇಳಲು ಚೆನ್ನಾಗಿದೆ. ಆದರೆ ಆ ದಿನ ಅತ್ತೆ ಇದ್ದದ್ದು ಹುಕ್ಕೇರಿಯಲ್ಲಿ. ನಾನು ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದೆ. ಫೌಜದಾರ ಗದರಿಸಲಿಲ್ಲ. ಅವನ ತಲೆಯ ಮೇಲಿದ್ದದ್ದು ರುಮಾಲು, ಟೊಪ್ಪಿಗೆಯಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಸೊಸೆ ಎಂಬ ಶಬ್ದ ಅಂದು ಆಯಿಯ ಬಾಯಿಂದ ಬರಲೇ ಇಲ್ಲ. ಇಷ್ಟು ಹೇಳಿದರೆ ಅತ್ತೆ, "ಕಾಲೇಜ ಕಲಿತಾಕಿ ನೀ, ನಿನಗ ಹೋಳಗ್ಯಾಗೂ ಹುಳಾ ಕಾಣತಾವು" ಎಂದು ಮಾತು ಮುಗಿಸುತ್ತಾಳೆ. ಬೆಳಗಾವಿಯ ಕಾಲೇಜಿನ ಚರ್ಚಾಕೂಟದಲ್ಲಿ ಎದುರು ಪಕ್ಷದವರು ಹೀಗೆ ಉತ್ತರ ಕೊಟ್ಟಿದ್ದರೆ ನಾನು ಗೆದ್ದೆನೆಂದು ಚಪ್ಪಾಳೆ ಬೀಳುತ್ತಿತ್ತು. ಹುಕ್ಕೇರಿಯಲ್ಲಿ ಬೀಳುವುದಿಲ್ಲ. ಆದ್ದರಿಂದ ಬರೆದಿಡುತ್ತಿದ್ದೇನೆ.

ಕಾಕಾ ಗೋಕಾಕದಲ್ಲಿ ಫಿಟರ್ ಕೆಲಸ ಕಲಿತು, ಹೆಚ್ಚಿನ ಪಗಾರದ ಆಸೆಗೆ ರಂಗೂನಿನ ಅಕ್ಕಿ ಗಿರಣಿಯೊಂದಕ್ಕೆ ಹೋದವನು. ಅಲ್ಲಿ ಅವನ ಖೋಲಿಯ ಬಾಜೂಕ್ಕೆ ಒಬ್ಬ ಚೀನಾದ ಬಡಗಿ ಇದ್ದ. ಬಡಗಿಯ ಮಗಳೇ ನಮ್ಮ ಕಾಕು. ಹುಟ್ಟಿದ್ದು ಚೀನಾದಲ್ಲಿ, ಚಿಕ್ಕವಳಿದ್ದಾಗ ತಂದೆಯ ಜೊತೆ ಬರ್ಮಾಕ್ಕೆ ಬಂದವಳು. ರಂಗೂನಿನ ಮೇಲೆ ಬಾಂಬು ಬೀಳತೊಡಗಿದಾಗ ಕಾಕಾ ಕಾಕು ಇಬ್ಬರೂ ಹಡಗು ಹತ್ತಿ ಪಾರಾಗಿ ಮೂಡಲಗಿಗೆ ಬಂದರು. ಮರುವರ್ಷ ಇಲ್ಲಿಯೇ ಅವರಿಗೆ ಒಂದು ಹೆಣ್ಣುಕೂಸು ಹುಟ್ಟಿತು.

ಆಯಿ ಆ ಕೂಸನ್ನು ದಿನವೆಲ್ಲ ಟೊಂಕದ ಮೇಲೆ ಹೊತ್ತು ತಿರುಗುತ್ತಿದ್ದಳು. ಕೂಸಿನ ತಾಯಿಯ ಜೊತೆ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ. ಕಾಕು ಕೈಯಳತೆಯಲ್ಲಿ ನಿಂತಿದ್ದರೂ ಆಯಿ ನನಗೆ ಹೇಳುವಳು: "ಅಕಿಗಿ ಹೇಳ, ಕೂಸು ಹಸದೈತಿ." ನಾನೂ ಇಲ್ಲ, ಅವ್ವನೂ ಇಲ್ಲ ಎಂದಾದರೆ ಗ್ವಾದಲಿಗೆ ಕಟ್ಟಿದ್ದ ಎಮ್ಮೆಯ ಕಡೆ ಮುಖ ಮಾಡಿ, "ಹಿತ್ತಲ ಬಾಗಲಾ ಹಾಕಾಕ ಹೇಳವಾ" ಎನ್ನುವಳು. ಎಮ್ಮೆ ಮೆಲುಕು ಹಾಕುತ್ತಿತ್ತು. ಕಾಕು ಎದ್ದು ಹಿತ್ತಲ ಬಾಗಿಲು ಹಾಕುತ್ತಿದ್ದಳು.

ಒಮ್ಮೆ ನಾನು ತಡೆಯಲಾರದೆ ಕೇಳಿದೆ. "ಆಯೀ, ಮೊಮ್ಮಗಳು ನಿನ್ನಾಕಿ. ಮೊಮ್ಮಗಳ ತಾಯಿ ಮಾತ್ರ ಯಾರೂ ಅಲ್ಲೇನು? ಇದ್ಯಾವ ಲೆಕ್ಕ?"

"ಕೂಸು ಹುಟ್ಟಿದ್ದು ನಾ ನೋಡೇನಿ," ಎಂದಳು ಆಯಿ. "ಲಗ್ನ ಆಗಿದ್ದು ನೋಡಿಲ್ಲ. ಅಕ್ಕಿಕಾಳ ಹಾಕಿಲ್ಲ. ನೋಡಲಾರದ್ದನ್ನ ಹೆಂಗ ಹೌದನ್ಲಿ?"

"ಕಾಕಾ ಹೇಳ್ತಾನಲ್ಲ, ಆಗೈತಿ ಅಂತ. ಇಬ್ಬರೂ ಮೊಣಕಾಲೂರಿ ಅಕಿ ಅಪ್ಪಗ ಚಹಾ ಕೊಟ್ರಂತ. ಚೀನಾದವರೊಳಗ ಅದ ಲಗ್ನ."

"ಚಾ ಕುಡದ್ರ ಲಗ್ನ ಆಗತೈತೇನ? ಹಂಗಾರ ಗೋಕಾಕದಾಗ ಮೋಟಾರ ನಿಲ್ಲೂ ಹೋಟೆಲದಾಗ ದಿನಾ ಎಷ್ಟ ಲಗ್ನ ಆಗತಾವೋ ಏನೋ!"

ಕಣ್ಣಾರೆ ಕಾಣದ್ದನ್ನು ನಂಬಬಾರದು ಎಂದು ಚರ್ಚಾಕೂಟದಲ್ಲಿ ಮೇಜು ಕುಟ್ಟಿ ಹೇಳುತ್ತಿದ್ದವಳು ನಾನೇ. ಅದೇ ವಾದ ಈಗ ಆಯಿಯ ಬಾಯಲ್ಲಿ ಬಂದಿತ್ತು.

ಹೀಗಿರುವಾಗ ಯಾರೋ ಹೆಸರಿಲ್ಲದ ಅರ್ಜಿ ಬರೆದರು: ಮೂಡಲಗಿಯಲ್ಲಿ ಜಪಾನಿನ ಹೆಂಗಸೊಬ್ಬಳು ಅಡಗಿದ್ದಾಳೆ. ಫೌಜದಾರ ಕಾಕಾ ಮತ್ತು ಕಾಕುವನ್ನು ಗೋಕಾಕಕ್ಕೆ ಕರೆಸಿದ. ರಜೆಗೆ ಬಂದಿದ್ದ ನಾನೂ ಹಟ ಹಿಡಿದು ಹೊರಟೆ. ಯುದ್ಧದಿಂದಾಗಿ ಪೆಟ್ರೋಲ್ ಸಿಗದ ಕಾಲ. ಬೆನ್ನಿಗೆ ಇದ್ದಲಿಯ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಿಂದ ಓಡುವ ಮೋಟಾರು ಏರಿನಲ್ಲೆಲ್ಲ ನಿಂತು ನಿಂತು ಕೆಮ್ಮುತ್ತಿತ್ತು. ಪ್ರತಿ ಏರಿಗೂ ಇಳಿದು ನಡೆದು, ಮುಖಕ್ಕೆಲ್ಲ ಮಸಿ ಮೆತ್ತಿಸಿಕೊಂಡು ಠಾಣೆ ಮುಟ್ಟಿದೆವು.

ಫೌಜದಾರ ನಡುವಯಸ್ಸಿನ ಸಮಾಧಾನದ ಮನುಷ್ಯ. ಕಾಕುವಿಗೆ ಕುರ್ಚಿ ಹಾಕಿಸಿದ.

"ಚೀನಾದವರು ನಮ್ಮ ಸರಕಾರದ ದೋಸ್ತರ್ರಿ. ಅದಕ್ಕ ಕುರ್ಚಿ ಕೊಟ್ಟೇನಿ," ಎಂದ. "ಆದ್ರ ಪರದೇಶದಾಕಿ ಪರದೇಶದಾಕೀನ. ಹೆಸರ ನೋಂದಿಸಿಲ್ಲ, ಇರಾಕ ಪರವಾನಗಿ ಇಲ್ಲ. ಮ್ಯಾಲಿನವರಿಗೆ ಬರದ್ರ ಜಿಲ್ಲಾ ಬಿಟ್ಟ ಹೋಗ ಅಂತಾರ."

"ಎಲ್ಲಿಗ್ರಿ ಹೋಗೋದು?" ಎಂದ ಕಾಕಾ. "ರಂಗೂನದಾಗ ಜಪಾನಿನವರು ಕುಂತಾರ. ಚೀನಾಕ್ಕ ಹಾದಿನ ಇಲ್ಲ. ಕೂಸೊಂದ ಐತ್ರಿ."

ಫೌಜದಾರ ದನಿ ತಗ್ಗಿಸಿ ಒಂದು ದಾರಿಯನ್ನೂ ತೋರಿಸಿದ. ಲಗ್ನವಾದ ಹೆಂಡತಿ ಗಂಡನ ದೇಶದವಳೇ ಎಂದು ಕಾಯದೆ ಇದೆ. ಗಂಡ ಬ್ರಿಟಿಷ್ ಪ್ರಜೆಯಾದರೆ ಹೆಂಡತಿಯೂ ಬ್ರಿಟಿಷ್ ಪ್ರಜೆ. ನೋಂದಣಿಯೂ ಬೇಡ, ಪರವಾನಗಿಯೂ ಬೇಡ. ಲಗ್ನ ಆಗಿದೆಯೆಂದು ತೋರಿಸಿದರೆ ಸಾಕು.

ತೋರಿಸಲು ನಮ್ಮಲ್ಲಿ ಇದ್ದದ್ದು ಹಡಗಿನಿಂದ ಇಳಿದಾಗ ಬಂದರಿನಲ್ಲಿ ಕೊಟ್ಟ ಒಂದು ಚೀಟಿ. ಅದರಲ್ಲಿ ಕಾಕಾನ ಹೆಸರು, ಪಕ್ಕದಲ್ಲಿ ‘ಜನ ಇಬ್ಬರು’ ಎಂದಷ್ಟೇ ಇತ್ತು.

"ಇಬ್ಬರು ಅಂದ್ರ ಗಂಡಾ ಹೆಂಡತೀನ ಅಂತ ಎಲ್ಲೈತ್ರಿ?" ಎಂದ ಫೌಜದಾರ. "ನಾನೂ ನಮ್ಮ ಶಿಪಾಯೀನೂ ಇಬ್ಬರ ಅದೇವಿ."

ನಾನು ನಕ್ಕುಬಿಟ್ಟೆ. ಕಾಕಾ ನನ್ನ ಕಡೆ ನೋಡಿದ ನೋಟದಿಂದ ನಗೆ ನಿಂತಿತು.

ಅಲ್ಲಿಂದ ಪರಿಚಯದ ವಕೀಲರ ಮನೆಗೆ ಹೋದೆವು. ಹಾದಿಯಲ್ಲೇ ನಾನು ಎರಡು ಉಪಾಯ ಮಾಡಿಕೊಂಡಿದ್ದೆ. ಇಂದೇ ಮನೆಯಲ್ಲಿ ಮತ್ತೊಮ್ಮೆ ಲಗ್ನ ಮಾಡಿಬಿಟ್ಟರೆ?

"ಮಾಡ್ರಿ," ಎಂದರು ವಕೀಲರು. "ಆದ್ರ ಇವತ್ತ ಲಗ್ನ ಮಾಡಿದ್ರ, ನಿನ್ನಿ ತನಕ ಆಗಿರಲಿಲ್ಲ ಅಂತ ನೀವ ಒಪ್ಪಿದಂಗ. ಹಂಗಾರ ಇಷ್ಟ ದಿನ ಪರದೇಶದಾಕಿನ್ನ ನೋಂದಿಸದ ಮನ್ಯಾಗ ಇಟಗೊಂಡ್ರಿ. ಕೂಸಿನ್ನ ಏನಂತ ಕರೀತೀರಿ?"

ಸರಿ, ಊರಿನ ಐದು ಜನ ಹಿರಿಯರಿಂದ ನಾವು ಲಗ್ನ ನೋಡಿದ್ದೇವೆ ಎಂದು ಬರೆಸಿದರೆ?

"ಅವರ್ಯಾರರೇ ರಂಗೂನಿಗೆ ಹೋಗಿದ್ರೇನು?"

"ಇಲ್ರಿ."

"ಮತ್ತ? ವಾದ ಮಾಡೋರಿಗೆ ಸುಳ್ಳ ಇಷ್ಟ ಸಸಾರ ಆಗಬಾರದು ತಂಗಿ."

ಮೈ ಉರಿಯಿತು. ಆದರೆ ಮುಂದೆ ಅವರು ಹೇಳಿದ ಮಾತನ್ನು ನಾನು ಉರಿಯುತ್ತಲೇ ನೆನಪಿಟ್ಟುಕೊಂಡೆ. ಲಗ್ನವನ್ನು ಯಾರೂ ನೋಡಿರದಿದ್ದರೂ ಚಿಂತೆಯಿಲ್ಲ. ಮನೆಯವರು ಆಕೆಯನ್ನು ಹೆಂಡತಿಯೆಂದು, ಸೊಸೆಯೆಂದು ನಡೆಸಿಕೊಂಡು ಬಂದಿದ್ದರೆ ಅದೂ ಪುರಾವೆಯೇ. ಅಣ್ಣನ, ಅಂದರೆ ನಮ್ಮಪ್ಪನ ಮಾತು ಅಷ್ಟು ನಡೆಯದು, ಅಣ್ಣ ತಮ್ಮನ ಪರವಾಗಿ ಹೇಳಿಯೇ ಹೇಳುತ್ತಾನೆ. ಮನೆಯ ಹಿರಿಯಳು, ಗಂಡನ ತಾಯಿ ಹೇಳಿದರೆ ತೂಕ.

ಗೆದ್ದೆವೆಂದುಕೊಂಡು ಮೋಟಾರು ಹತ್ತಿದೆ. ಅರ್ಧ ದಾರಿಯಲ್ಲಿ ಮೋಟಾರು ನಿಂತಾಗ ತಲೆಗೆ ಹೊಳೆಯಿತು: ನಮ್ಮ ಮನೆಯ ಹಿರಿಯಳು ಸೊಸೆಗೆ ಹೇಳಬೇಕಾದ್ದನ್ನು ಎಮ್ಮೆಗೆ ಹೇಳುತ್ತಾಳೆ.

ಮನೆಗೆ ಬಂದು ವಕೀಲರ ಮಾತನ್ನೆಲ್ಲ ನಡುಮನೆಯಲ್ಲಿ ನಿಂತು ದೊಡ್ಡ ದನಿಯಲ್ಲಿ ವಿವರಿಸಿದೆ. ಆಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಮರುದಿನದಿಂದ ಆಯಿಗೆ ಪಾಠ ಹೇಳತೊಡಗಿದೆ. ನಾನು ಫೌಜದಾರ, ಕಾಕುವನ್ನು ತೋರಿಸಿ ಕೇಳುವವಳು.

"ಈ ಬಾಯಿ ನಿಮಗೇನಾಗಬೇಕ್ರಿ?"

"ಚೀನಾದಾಕಿ."

"ಆಯೀ! ಸೊಸಿ ಅನ್ನು."

"ನೋಡಿಲ್ಲ ಅಂತ ಎಷ್ಟ ಸಲ ಹೇಳ್ಲೇ? ಫೌಜದಾರ್ರಂದ್ರ ಸಣ್ಣ ಮಂದಿ ಏನ? ಅವರ ಮುಂದ ಸುಳ್ಳ ಹೇಳಂತಿ? ನಿನ್ನ ಲಗ್ನ ಮಾಡೂಣು ತಡಿ, ಆವಾಗ ಹತ್ತ ಸಲ ಹೌದಂತೇನಿ."

ಅವ್ವ ಅಡುಗೆಮನೆಯಿಂದ ನಕ್ಕಳು. ಕಾಕು ನಗಲಿಲ್ಲ. ಆಕೆ ಅಷ್ಟರಲ್ಲಿ ನಮ್ಮ ಮಾತನ್ನೆಲ್ಲ ತಿಳಿಯುತ್ತಿದ್ದಳು. ಹಿತ್ತಲಲ್ಲಿ ನನ್ನನ್ನು ಹಿಡಿದು ಮೆಲ್ಲಗೆ ಕೇಳಿದಳು: "ಕೂಸಿನ್ನ ಇಲ್ಲಿ ಬಿಟ್ಟ ಹೋಗಂತಾರೇನು?" ಇಲ್ಲವೆಂದೆ. ಆದರೆ ನನಗೇನು ಗೊತ್ತಿತ್ತು?

ಒಂದು ಮುಂಜಾನೆ ಫೌಜದಾರ ವಿಚಾರಣೆಗೆಂದು ಸೈಕಲ್ ಮೇಲೆ ಬಂದೇಬಿಟ್ಟ. ಪಡಸಾಲೆಯಲ್ಲಿ ಕಂಬಳಿ ಹಾಸಿದೆವು. ಬಂದವರಿಗೆ ನೀರು ಕೊಡಬೇಕೆಂದು ನಾನು ಎದ್ದೆ. ಆಯಿ ನನ್ನ ಸೀರೆ ಹಿಡಿದು ಜಗ್ಗಿ ಕೂಡಿಸಿದಳು.

"ಯಜಮಾನತೀರ, ಈ ಬಾಯಿ ನಿಮಗೇನಾಗಬೇಕ್ರಿ?" ಫೌಜದಾರ ನನ್ನ ಪಾಠವನ್ನೇ ಕೇಳಿದ.

"ನಾ ಲಗ್ನ ನೋಡಿಲ್ರಿ," ಎಂದಳು ಆಯಿ.

ಕಾಕಾ ತಲೆ ಬಗ್ಗಿಸಿದ. ಫೌಜದಾರ ಪೆನ್ಸಿಲ್ ತೆಗೆದು ಬರೆದುಕೊಂಡ. "ಹಂಗಾರ ಸೊಸಿ ಅಲ್ಲನ್ರಿ?"

ಆ ಹೊತ್ತಿಗೆ ಒಳಗಿನಿಂದ ಕಾಕು ಸೆರಗು ಹೊದ್ದು ತಂಬಿಗೆಯಲ್ಲಿ ನೀರು ತಂದು ಫೌಜದಾರನ ಮುಂದೆ ಇಟ್ಟಳು. ಬರೀ ನೀರು.

"ಏನ ಇದು?" ಆಯಿಯ ದನಿಗೆ ಕೂಸು ಬೆಚ್ಚಿತು. "ಬಂದವರ ಮುಂದ ಬರೇ ನೀರ ಇಡತಾರೇನ? ಬೆಲ್ಲ ಎಲ್ಲೈತಿ? ಎರಡ ದೀಪಾವಳಿ ಆದ್ವು ಈ ಮನ್ಯಾಗ ಉಣ್ಣಾಕತ್ತಿ, ಇಷ್ಟ ತಿಳ್ಯಾಂಗಿಲ್ಲ? ಮಂದಿ ಮುಂದ ನನ್ನ ಮಾರಿ ಸಣ್ಣದ ಮಾಡಾಕ ನಿಂತೀ? ನಿಮ್ಮವ್ವ ಕಲಿಸಿಲ್ಲ, ಹೋಗ್ಲಿ, ನಾ ಕಲಿಸೋದ ಕಲಕೊಳ್ಳಾಕ ಏನಾಗೈತಿ ನಿನಗ?"

ನನಗೆ ಬೈಗಳು ಕೇಳಿಸಲೇ ಇಲ್ಲ. ನನಗೆ ಕೇಳಿಸಿದ್ದು ‘ನಿನಗ’. ನಮ್ಮ ಮನೆಗೆ ಬಂದ ಮೇಲೆ ಕಾಕುವಿಗೆ ಆಯಿ ನೇರವಾಗಿ ಆಡಿದ ಮೊದಲ ಮಾತು ಅದು.

ಕಾಕು ತಲೆ ಎತ್ತಿದಳು. "ಬೆಲ್ಲ ಖೋಲ್ಯಾಗ ಐತ್ರಿ. ಕೀಲಿ ನಿಮ್ಮ ನಡದಾಗ ಐತ್ರಿ," ಎಂದಳು ಒಂದೊಂದೇ ಮಾತು ಹೊಂದಿಸಿ. "ನಿನ್ನೀನ ಎಮ್ಮಿಗೆ ಹೇಳೇನ್ರಿ."

ಮೊದಲು ನಕ್ಕವನು ಫೌಜದಾರ. ಎಮ್ಮೆಯ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾವು ನಗಲೂ ಹೆದರಿ ಕೂತಿದ್ದೆವು. "ನಮ್ಮ ಮನ್ಯಾಗೂ ಇದ ರಾಗ ಐತ್ರಿ, ದಿನಾ," ಎಂದು ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡ. "ಮಂದಿ ಮನಿ ಹೆಣ್ಣಮಗಳಿಗೆ ಇಷ್ಟ ಹಕ್ಕಿಲೆ ಯಾರ ಬೈತಾರ್ರಿ?" ಎನ್ನುತ್ತ ಪೆನ್ಸಿಲ್ಲಿನಿಂದ ಮೊದಲು ಬರೆದದ್ದರ ಕೆಳಗೆ ಇನ್ನೇನೋ ಬರೆದ. ಆಯಿ ಎದ್ದು ಹೋಗಿ, ತಾನೇ ಖೋಲಿಯ ಕೀಲಿ ತೆಗೆದು, ಬೆಲ್ಲ ಒಡೆದು ತಂದಿಟ್ಟಳು. ಕೀಲಿಯನ್ನು ಕಾಕುವಿನ ಕೈಗೆ ಕೊಟ್ಟಳು ಎಂದು ಅತ್ತೆ ಸೇರಿಸುತ್ತಾಳೆ. ಕೊಡಲಿಲ್ಲ. ಮತ್ತೆ ನಡಕ್ಕೇ ಸಿಕ್ಕಿಸಿಕೊಂಡಳು.

ಮಳೆಗಾಲದ ಹೊತ್ತಿಗೆ ಕಾಗದ ಬಂತು: ಈಕೆ ಬ್ರಿಟಿಷ್ ಪ್ರಜೆಯ ಹೆಂಡತಿ, ನೋಂದಣಿಯ ಅವಶ್ಯಕತೆಯಿಲ್ಲ. ಬ್ರಿಟಿಷರೇ ತೊಲಗಿ ಎಂದು ಕಾಲೇಜಿನಲ್ಲಿ ಕೂಗಿ ಗಂಟಲು ಕೆಡಿಸಿಕೊಂಡಿದ್ದ ನಾನು, ಕಾಕು ಬ್ರಿಟಿಷ್ ಪ್ರಜೆಯಾದಳೆಂದು ಓಣಿಯಲ್ಲಿ ಪೇಡೆ ಹಂಚಿದೆ. ಈ ವಿಷಯದಲ್ಲಿ ಯಾರಾದರೂ ನನ್ನನ್ನು ಖಂಡಿಸಿದರೆ ಖಂಡಿಸಲಿ.

ನನ್ನ ಕುತೂಹಲ ಬೇರೆ ಕಡೆ ಇದೆ. ಆಯಿಗೆ ಖರೆ ಸಿಟ್ಟು ಬಂದಿತ್ತೇ? ಬಂದಿತ್ತು ಎನ್ನಬಹುದು: ಬಂದವರಿಗೆ ಬೆಲ್ಲವಿಲ್ಲದ ನೀರು ಕೊಟ್ಟರೆ ಆಯಿಯ ಮಟ್ಟಿಗೆ ಮನೆಯ ಮಾನ ಹೋದಂತೆ. ಬಂದಿರಲಿಲ್ಲ ಎಂದೂ ಎನ್ನಬಹುದು: ನೀರಿಗೆಂದು ಎದ್ದ ನನ್ನನ್ನು ಜಗ್ಗಿ ಕೂಡಿಸಿದವಳು ಅವಳೇ. ವಕೀಲರ ಮಾತನ್ನು ನಾನು ಒದರಿ ಹೇಳಿದಾಗ ಅಲ್ಲೇ ಕೂತಿದ್ದಳು. ಸುಳ್ಳು ಹೇಳದೆ ಸಾಕ್ಷಿ ನುಡಿಯುವುದು ಹೇಗೆಂದು ಯೋಚಿಸಿ ಯೋಚಿಸಿ ಇದನ್ನು ಕಂಡುಕೊಂಡಳೋ? ಹಾಗೆಂದರೆ ಮತ್ತೊಂದು ತೊಡಕು: ಅಂದಿನ ಬೈಗಳು ಫೌಜದಾರನಿಗಾಗಿ ಮಾತ್ರವಾಗಿದ್ದರೆ ಅವನು ಹೋದ ಮೇಲೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮರುದಿನವೂ ಬೈದಳು, ಆಮೇಲೆ ದಿನವೂ ಬೈದಳು, ಕಾಕುವೂ ಎದುರಾಡಲು ಕಲಿತಳು. ಎಷ್ಟೋ ಸಲ ಕೇಳಿದ್ದೇನೆ. ಆಯಿ ಪ್ರತಿಸಲವೂ, "ಅಕಿಗಿ ತಂಬಗಿ ಹಿಡ್ಯಾಕ ಬರಂಗಿಲ್ಲ, ಬೈದೆ. ಅದರಾಗ ಏನ ಕೆದರತಿ?" ಎನ್ನುತ್ತಾಳೆ.

ಈಗ ಕಾಕಾನಿಗೆ ಹುಕ್ಕೇರಿಯಲ್ಲಿ ಎಣ್ಣೆ ಗಾಣದ ಎಂಜಿನ್ ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಪರವಾನಗಿಯ ಹಂಗಿಲ್ಲದೆ ಕಾಕು ಬೇರೆ ತಾಲೂಕಿಗೆ ಹೋಗಿ ಇರಬಹುದು. ಹೋದ ಸೋಮವಾರ ಚಕ್ಕಡಿ ಕಟ್ಟಿದರು. ಕೂಸು ಆಯಿಯ ಕೊರಳು ಬಿಡಲಿಲ್ಲ, ಬಿಡಿಸಿ ಕಾಕುವಿನ ಕೈಗೆ ಕೊಡುತ್ತ ಆಯಿ, "ಹಾದ್ಯಾಗ ಬಿಸಲಿಗೆ ತಲಿ ಮುಚ್ಚ ಅದರದು, ಅಷ್ಟರೇ ತಿಳೀತೈತೋ ಇಲ್ಲೋ?" ಎಂದು ಗದರಿದಳು. ಕಾಕು "ತಿಳೀತೈತ್ರಿ" ಎಂದು ಕೂಸಿನ ತಲೆಗೆ ಸೆರಗು ಹಾಕಿದಳು. ಚಕ್ಕಡಿ ಓಣಿಯ ತಿರುವು ದಾಟಿತು. ಆಯಿ ಕಟ್ಟೆಯ ಮೇಲೆ ಕೂತೇ ಇದ್ದಳು.

ನಾನು ಪಕ್ಕಕ್ಕೆ ಹೋಗಿ ಕೂತೆ. ಸಿಟ್ಟಿನ ವಿಷಯ ಈ ಸಲ ಎತ್ತಲಿಲ್ಲ.

"ಆಯೀ, ಹುಕ್ಕೇರ್ಯಾಗ ಬ್ಯಾರೆ ಫೌಜದಾರ ಇರತಾನ. ಅವನೂ ಒಂದ ದಿನ ಇಲ್ಲಿಗೆ ಬಂದು, ಆ ಬಾಯಿ ನಿಮಗೇನಾಗಬೇಕ್ರಿ ಅಂತ ಕೇಳಿದ್ರ, ಏನಂತಿ?"

"ನಾ ಲಗ್ನ ನೋಡಿಲ್ಲ ಅಂತೇನಿ," ಎಂದಳು ಆಯಿ, "ಆಮ್ಯಾಲ, ಬೈಯೂದೈತಿ, ಅಕಿನ್ನ ಕರಸ್ರಿ ಅಂತೇನಿ."